ತೂಕ ಹೊತ್ತು ನಡೆಯುವ, ಓಡುವ ಹೆಂಗಸರು ಪದೇ ಪದೇ ಕೇಳುವ ಪ್ರಶ್ನೆಗಳು

ನೀರು ಹೊರುವವರು, ಗಾರೆ ಕೆಲಸದವರು, ಕೊಟ್ಟಿಗೆಗೆ ಸೊಪ್ಪು ತರುವವರು, ಪೊಲೀಸ್ ಮತ್ತು ಸೇನೆ ಭರ್ತಿಗೆ ತಯಾರಾಗುವ ಹುಡುಗಿಯರು, ಬ್ಯಾಗು ಹಾಕಿಕೊಂಡು ಬೆಟ್ಟ ಹತ್ತುವವರು. ಇವರೆಲ್ಲ ನನ್ನ ಹತ್ತಿರ ಮಾತಾಡುವಾಗ, ಪತ್ರ ಬರೆಯುವಾಗ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ಸ್ವಲ್ಪ ಆಳದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು.

## ಮೊದಲು ತಿಳಿಯಬೇಕಾದ್ದು

ತೂಕ ಹೊತ್ತಾಗ ನಡಿಗೆಯಲ್ಲಿ ನಿಜಕ್ಕೂ ಏನು ಬದಲಾಗುತ್ತೆ?

ಒಬ್ಬಾಕೆ ತುಂಬಿದ ಕೊಡ ಹೊತ್ತು ಬರುವಾಗ ಪಕ್ಕದಲ್ಲಿ ನಿಂತು ನೋಡಿ. ಖಾಲಿ ಕೊಡ ಹಿಡಿದು ಹೋಗುವಾಗ ಹಾಕುತ್ತಿದ್ದ ಉದ್ದನೆಯ ಹೆಜ್ಜೆ ಈಗ ಕಾಣುವುದಿಲ್ಲ. ಹೆಜ್ಜೆ ಗಿಡ್ಡವಾಗಿರುತ್ತದೆ, ಆದರೆ ಚುರುಕಾಗಿರುತ್ತದೆ. ಎರಡೂ ಪಾದ ನೆಲದ ಮೇಲೆ ಒಟ್ಟಿಗೆ ಇರುವ ಗಳಿಗೆ ಸ್ವಲ್ಪ ಜಾಸ್ತಿಯಾಗುತ್ತದೆ. ಕಾಲು ಊರಿದಾಗ ಮಂಡಿ ತುಸು ಹೆಚ್ಚು ಮಡಿಯುತ್ತದೆ. ಕೈ ಬೀಸುವುದು ಕಡಿಮೆಯಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ತಲೆ ಮೇಲೆ ಭಾರವಿದ್ದರೆ ಕತ್ತು, ಬೆನ್ನು ನೆಟ್ಟಗಾಗುತ್ತವೆ. ಬೆನ್ನ ಮೇಲಿದ್ದರೆ ಮೈ ಮುಂದಕ್ಕೆ ಬಾಗುತ್ತದೆ.

ಇದನ್ನೆಲ್ಲ ಆಕೆ ಯೋಚಿಸಿ ಮಾಡುವುದಿಲ್ಲ. ಮೈಭಾರ ಮತ್ತು ಹೊರೆಯ ಭಾರ ಸೇರಿ ಪಾದಗಳ ಮೇಲೆ ಸರಿಯಾಗಿ ಬೀಳಬೇಕು. ಇಲ್ಲದಿದ್ದರೆ ಮುಗ್ಗರಿಸುತ್ತೇವೆ. ಅದಕ್ಕೆ ದೇಹ ತಾನೇ ಹೊಂದಿಸಿಕೊಳ್ಳುತ್ತದೆ. ಜೊತೆಗೆ ಪಾದ ನೆಲವನ್ನು ಒತ್ತುವ ಬಲವೂ ಹೊರೆಯ ತೂಕಕ್ಕೆ ತಕ್ಕಂತೆ ಏರುತ್ತದೆ. ಆ ಒತ್ತಡ ಪಾದ, ಕಣಕಾಲು, ಮಂಡಿ, ಸೊಂಟ ಎಲ್ಲವನ್ನೂ ದಾಟಿ ಮೇಲಕ್ಕೆ ಬರುತ್ತದೆ, ಪ್ರತಿ ಹೆಜ್ಜೆಗೂ.

ಒಂದು ಕೊಡ ನೀರು ಅಂಥಾ ಭಾರನಾ? ಎಷ್ಟು ಕೆಜಿ ದಾಟಿದ್ರೆ ಭಾರ ಅಂತೀರಿ?

ಕೆಜಿಯೊಂದನ್ನೇ ಹೇಳಿದರೆ ಅರ್ಥವಿಲ್ಲ. ಯಾರು ಹೊರುತ್ತಿದ್ದಾರೆ ಅನ್ನುವುದು ಮುಖ್ಯ. 15 ಲೀಟರ್ ಹಿಡಿಯುವ ಕೊಡ ತುಂಬಿದರೆ ನೀರೇ 15 ಕೆಜಿ. 75 ಕೆಜಿ ತೂಗುವವರಿಗೆ ಅದು ಮೈತೂಕದ ಐದರಲ್ಲಿ ಒಂದು ಪಾಲು. 45 ಕೆಜಿ ತೂಗುವವರಿಗೆ ಮೂರರಲ್ಲಿ ಒಂದು ಪಾಲು. ತಲೆ ಮೇಲೊಂದು, ಸೊಂಟದಲ್ಲೊಂದು ಕೊಡ ಇಟ್ಟರೆ ಮೂರರಲ್ಲಿ ಎರಡು ಪಾಲಾಯಿತು.

ಸ್ಥೂಲವಾಗಿ ಹೀಗೆ ನೆನಪಿಟ್ಟುಕೊಳ್ಳಿ. ಮೈತೂಕದ 10% ಹೊತ್ತಾಗ ನಡಿಗೆಯಲ್ಲಿ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ. 20% ದಾಟಿದ ಮೇಲೆ ಬದಲಾವಣೆ ಕಣ್ಣಿಗೆ ಬೀಳತೊಡಗುತ್ತದೆ. 30% ದಾಟಿದರೆ ಅಭ್ಯಾಸ ಇಲ್ಲದವರಿಗೆ ಅದು ಗಂಭೀರ ಭಾರ.

ಗಂಡಸರಿಗೂ ನಮಗೂ ಏನು ವ್ಯತ್ಯಾಸ? ಹೊರೋದು ಹೊರೋದೇ ಅಲ್ವಾ?

ಮೊದಲ ವ್ಯತ್ಯಾಸ ಮೇಲೆ ಹೇಳಿದ ಲೆಕ್ಕವೇ. ಒಂದೇ ಇಪ್ಪತ್ತು ಕೆಜಿ, ಆದರೆ ಸರಾಸರಿ ಹೆಂಗಸಿನ ಮೈತೂಕಕ್ಕೆ ಅದು ದೊಡ್ಡ ಪಾಲು. ಸ್ನಾಯು ಬಲದಲ್ಲೂ ಸರಾಸರಿ ಅಂತರವಿದೆ. ಕಾಲಿಗಿಂತ ತೋಳು, ಭುಜದಲ್ಲಿ ಆ ಅಂತರ ಜಾಸ್ತಿ. ಅದಕ್ಕೇ ಹೊತ್ತುಕೊಂಡು ನಡೆಯುವುದಕ್ಕಿಂತ ನೆಲದಿಂದ ಎತ್ತಿ ತಲೆ ಮೇಲೆ ಇಟ್ಟುಕೊಳ್ಳುವುದೇ ಕಷ್ಟವಾಗುತ್ತದೆ. ಅಷ್ಟಕ್ಕೇ ಇನ್ನೊಬ್ಬರ ಕೈ ಬೇಕಾಗುತ್ತದೆ.

ಕಾಲಿನ ಉದ್ದ ಇನ್ನೊಂದು ವಿಷಯ. ಗಿಡ್ಡ ಕಾಲಿನವರು ಅದೇ ವೇಗದಲ್ಲಿ ಹೋಗಬೇಕಾದರೆ ಹೆಚ್ಚು ಹೆಜ್ಜೆ ಹಾಕಬೇಕು. 1986ರಲ್ಲೇ ಒಂದು ಅಧ್ಯಯನ ಗಂಡಸರ ಮತ್ತು ಹೆಂಗಸರ ಹೊರೆ ಹೊತ್ತ ನಡಿಗೆಯನ್ನು ಹೋಲಿಸಿತ್ತು. ಭಾರ ಏರಿದಂತೆ ಹೆಂಗಸರ ಹೆಜ್ಜೆ ಗಿಡ್ಡವಾಗಿ, ಹೆಜ್ಜೆಗಳ ಸಂಖ್ಯೆ ಏರಿತ್ತು. ಮೂಳೆಗಳೂ ಸರಾಸರಿ ಸಣ್ಣವು, ತೆಳುವಾದವು. ಅಂದರೆ ಅದೇ ಭಾರ ಕಡಿಮೆ ಅಗಲದ ಮೂಳೆಯ ಮೇಲೆ ಬೀಳುತ್ತದೆ.

ಇವೆಲ್ಲ ಸರಾಸರಿ ಮಾತು. ಗಟ್ಟಿಮುಟ್ಟಾದ ಹೆಂಗಸು ಸಾಧಾರಣ ಗಂಡಸಿಗಿಂತ ಚೆನ್ನಾಗಿ ಹೊರುವುದನ್ನು ಯಾವ ಸಂತೆಯಲ್ಲಿ ಬೇಕಾದರೂ ನೋಡಬಹುದು.

ಹೆಜ್ಜೆ ಗಿಡ್ಡ ಆಗುತ್ತೆ ಅಂದ್ರಲ್ಲ, ಅದನ್ನ ತಿದ್ದಿಕೊಳ್ಳಬೇಕಾ?

ಬೇಡ. ದಯವಿಟ್ಟು ಬೇಡ. ಈ ಪುಟದಿಂದ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಗಿಡ್ಡ ಹೆಜ್ಜೆ ದೇಹ ತಾನೇ ಕಂಡುಕೊಂಡ ಉಪಾಯ. ಹೆಜ್ಜೆ ಗಿಡ್ಡವಾದರೆ ಪಾದ ಮೈಯ ಹತ್ತಿರ ಊರುತ್ತದೆ, ಹಿಮ್ಮಡಿಯ ಹೊಡೆತ ಕಡಿಮೆಯಾಗುತ್ತದೆ, ಸೊಂಟದ ಎಳೆತವೂ ಕಡಿಮೆಯಾಗುತ್ತದೆ. ಉದ್ದ ಹೆಜ್ಜೆ ಹಾಕು, ಬೇಗ ಬಾ ಎಂದು ಅವಸರ ಮಾಡುವ ಮೇಸ್ತ್ರಿಯಾಗಲಿ, ಕೋಚ್ ಆಗಲಿ, ಆ ಉಪಾಯವನ್ನು ಕಿತ್ತುಕೊಂಡ ಹಾಗೆ. ಇದರಿಂದ ಎಂಥ ಪೆಟ್ಟಾಗಬಹುದು ಅನ್ನುವುದಕ್ಕೆ ಸೇನೆಯ ತರಬೇತಿಯಲ್ಲಿ ದೊಡ್ಡ ಪುರಾವೆಯೇ ಇದೆ. ಕೆಳಗೆ ಸಾಲು ಮಾರ್ಚ್ ಪ್ರಶ್ನೆಯಲ್ಲಿ ಬರೆದಿದ್ದೇನೆ.

## ಕೊಡ, ಹೊರೆ, ಬಾಣಲಿ

ತಲೆ ಮೇಲೆ ಹೊರೋದು ಒಳ್ಳೇದಾ, ಸೊಂಟದ ಮೇಲಾ, ಬೆನ್ನ ಮೇಲಾ?

ನಡಿಗೆಯ ಲೆಕ್ಕದಲ್ಲಿ ಸೊಂಟದ ಮೇಲೆ ಹೊರುವುದಕ್ಕೆ ಕೊನೆಯ ಸ್ಥಾನ. ಕೊಡ ಒಂದು ಪಕ್ಕಕ್ಕಿದ್ದರೆ ಬೆನ್ನು ಇನ್ನೊಂದು ಪಕ್ಕಕ್ಕೆ ಬಾಗಲೇಬೇಕು. ಆ ಬಾಗನ್ನು ಹಿಡಿದಿಡಲು ಎದುರು ಪಕ್ಕದ ಬೆನ್ನಿನ ಸ್ನಾಯು ದಾರಿಯುದ್ದಕ್ಕೂ ಬಿಗಿಯಾಗಿರಬೇಕು. ಹೆಚ್ಚಿನವರು ಯಾವಾಗಲೂ ಒಂದೇ ಪಕ್ಕಕ್ಕೆ ಇಟ್ಟುಕೊಳ್ಳುತ್ತಾರೆ. ದಾರಿಯಲ್ಲಿ ಪಕ್ಕ ಬದಲಾಯಿಸುವ ಅಭ್ಯಾಸ ಮಾಡಿಕೊಂಡರೆ ಒಳ್ಳೆಯದು. ಇನ್ನೂ ಒಳ್ಳೆಯದೆಂದರೆ ಒಂದು ದೊಡ್ಡ ಕೊಡದ ಬದಲು ಎರಡು ಕೈಯಲ್ಲಿ ಎರಡು ಸಣ್ಣ ಬಿಂದಿಗೆ.

ತಲೆ ಮೇಲೆ ಹೊತ್ತರೆ ಭಾರ ನೇರವಾಗಿ ಬೆನ್ನುಮೂಳೆಯ ಗೆರೆಯಲ್ಲೇ ಇಳಿಯುತ್ತದೆ. ಮೈ ಪಕ್ಕಕ್ಕೂ ವಾಲುವುದಿಲ್ಲ, ಮುಂದಕ್ಕೂ ಬಾಗುವುದಿಲ್ಲ. ಆದರೆ ಕತ್ತಿಗೆ ಕಷ್ಟ. ತಲೆಹೊರೆಯವರಿಗೆ ಏದುಸಿರು ಬರುವ ಮೊದಲೇ ಕತ್ತು ಸೋಲುತ್ತದೆ. ಸಿಂಬೆ ಚೆನ್ನಾಗಿ ಸುತ್ತಿದ್ದರೆ ಭಾರ ಅಗಲವಾಗಿ ಹಂಚಿಹೋಗುತ್ತದೆ, ಕೊಡವೂ ಅಲುಗಾಡುವುದಿಲ್ಲ. ಹಳೇ ಸೀರೆಯ ತುಂಡು ಗಟ್ಟಿಯಾಗಿ ಸುತ್ತಿ ಮಾಡಿದ ದಪ್ಪ ಸಿಂಬೆಗೂ, ಅವಸರದಲ್ಲಿ ಸೆರಗನ್ನೇ ಮಡಚಿ ಇಟ್ಟುಕೊಂಡದ್ದಕ್ಕೂ ಕತ್ತಿಗೆ ಬಹಳ ವ್ಯತ್ಯಾಸ.

ಎರಡು ಪಟ್ಟಿ ಇರುವ ಬ್ಯಾಗು ಬೆನ್ನಿಗೆ ಅಂಟಿದಂತಿದ್ದರೆ ದೂರದ ದಾರಿಗೆ ಅದೇ ಮೇಲು. ಆದರೆ ನೀರನ್ನು ಬ್ಯಾಗಲ್ಲಿ ತರಲಾಗುವುದಿಲ್ಲ, ಸೊಪ್ಪನ್ನೂ ತರಲಾಗುವುದಿಲ್ಲ. ಹಾಗಾಗಿ ಯಾವುದು ಒಳ್ಳೆಯದು ಅನ್ನುವುದಕ್ಕಿಂತ, ಒಂದು ಸಲಕ್ಕೆ ಎಷ್ಟು ಹೊರುತ್ತೀರಿ ಅನ್ನುವುದನ್ನು ಕಡಿಮೆ ಮಾಡುವುದು ನಿಮ್ಮ ಕೈಯಲ್ಲಿದೆಯೇ ನೋಡಿ.

ಆಫ್ರಿಕಾದ ಹೆಂಗಸರು ಶಕ್ತಿ ಖರ್ಚೇ ಇಲ್ಲದೆ ತಲೆ ಮೇಲೆ ಹೊರ್ತಾರಂತೆ. ನಿಜಾನಾ?

ಅರ್ಧ ನಿಜ. ಕೆನ್ಯಾದಲ್ಲಿ ಲುವೊ ಹೆಂಗಸರು ತಲೆ ಮೇಲೆ ಹೊರುತ್ತಾರೆ. ಕಿಕುಯು ಹೆಂಗಸರು ಹಣೆಗೆ ಪಟ್ಟಿ ಹಾಕಿ ಬೆನ್ನ ಮೇಲೆ ಹೊರುತ್ತಾರೆ. 1986ರಲ್ಲಿ ವಿಜ್ಞಾನಿಗಳು ಇವರು ನಡೆಯುವಾಗ ಎಷ್ಟು ಆಮ್ಲಜನಕ ಬಳಸುತ್ತಾರೆ ಎಂದು ಅಳೆದರು. ಮೈತೂಕದ 20%ವರೆಗೆ ಹೊತ್ತರೂ ಬರಿಗೈಯಲ್ಲಿ ನಡೆದಷ್ಟೇ ಖರ್ಚಾಗುತ್ತಿತ್ತು. ಅದಕ್ಕಿಂತ ಜಾಸ್ತಿ ಹೊತ್ತಾಗ ಮಾತ್ರ ಖರ್ಚು ಏರಿತು.

ಕಾರಣ ಏನೆಂದು 1995ರಲ್ಲಿ ಇನ್ನೊಂದು ಅಧ್ಯಯನ ತೋರಿಸಿತು. ನಾವು ನಡೆಯುವಾಗ ಮೈ ಗಡಿಯಾರದ ಲೋಲಕದ ಹಾಗೆ ಏರಿ ಇಳಿಯುತ್ತದೆ. ಇಳಿಯುವಾಗ ಸಿಕ್ಕಿದ ವೇಗವೇ ಮುಂದಿನ ಏರಿಕೆಗೆ ಸಹಾಯ ಮಾಡುತ್ತದೆ. ಎಲ್ಲರಲ್ಲೂ ಈ ಕೈಬದಲಿನಲ್ಲಿ ಸ್ವಲ್ಪ ಶಕ್ತಿ ಸೋರಿಹೋಗುತ್ತದೆ. ಆ ಹೆಂಗಸರಲ್ಲಿ ಹೊರೆ ಹೊತ್ತಾಗ ಸೋರಿಕೆ ಕಡಿಮೆಯಾಗಿತ್ತು.

ಇಷ್ಟಕ್ಕೇ ಕಥೆ ಮುಗಿಯಲಿಲ್ಲ. 2010ರಲ್ಲಿ ದಕ್ಷಿಣ ಆಫ್ರಿಕಾದ ಕೋಸಾ ಹೆಂಗಸರ ಮೇಲೆ ಮಾಡಿದ ಅಧ್ಯಯನದಲ್ಲಿ ಈ ಉಳಿತಾಯ ಎಲ್ಲರಲ್ಲೂ ಕಾಣಲಿಲ್ಲ. ಒಬ್ಬೊಬ್ಬರದು ಒಂದೊಂದು ರೀತಿ. ವರ್ಷಗಟ್ಟಲೆ ತಲೆಹೊರೆ ಹೊತ್ತವರಿಗೆ ಹೊಸಬರಿಗಿಂತ ಖರ್ಚು ಕಡಿಮೆ ಎಂದೇನೂ ಇರಲಿಲ್ಲ. ನೇಪಾಳದ ಹಮಾಲರನ್ನು ಅಳೆದ 2005ರ ಅಧ್ಯಯನವೂ ಇದೆ. ಅಲ್ಲಿ ಗಂಡಸರು ಸರಾಸರಿ ಮೈತೂಕದ 93%, ಹೆಂಗಸರು 66% ಹೊತ್ತು ಎವರೆಸ್ಟ್ ದಾರಿಯ ನಾಮ್ಚೆ ಊರಿನ ಕಡೆಗೆ ಬೆಟ್ಟ ಹತ್ತುತ್ತಿದ್ದರು. ಬಹಳ ನಿಧಾನವಾಗಿ ನಡೆಯುತ್ತಾರೆ, ಆಗಾಗ ನಿಲ್ಲುತ್ತಾರೆ, ನಿಂತಾಗ ಬುಟ್ಟಿಯ ಕೆಳಗೆ ಕೋಲು ಊರಿ ಭಾರ ಇಳಿಸಿಕೊಳ್ಳುತ್ತಾರೆ.

ನನಗೆ ಈ ಕೋಲಿನ ವಿಷಯವೇ ಹೆಚ್ಚು ಉಪಯೋಗದ್ದು ಅನ್ನಿಸುತ್ತದೆ. ನಿಧಾನ ನಡಿಗೆ ಮತ್ತು ಪದೇ ಪದೇ ವಿಶ್ರಾಂತಿಯನ್ನು ಯಾರು ಬೇಕಾದರೂ ಕಲಿಯಬಹುದು. ನಮ್ಮ ಹಳೆಯ ದಾರಿಗಳಲ್ಲಿ ತಲೆ ಎತ್ತರಕ್ಕೆ ಹೊರೆಗಲ್ಲು ನಿಲ್ಲಿಸುತ್ತಿದ್ದರಲ್ಲ, ಅದೂ ಇದೇ ತಿಳಿವಳಿಕೆ. ಬಗ್ಗದೆ ಹೊರೆ ಇಳಿಸಬಹುದು, ಇನ್ನೊಬ್ಬರ ಸಹಾಯವಿಲ್ಲದೆ ಮತ್ತೆ ಹೊರಬಹುದು.

ನಮ್ಮಮ್ಮ ಜೀವನಪೂರ್ತಿ ಹೊತ್ರು, ಏನೂ ಆಗಿಲ್ಲ. ನನಗ್ಯಾಕೆ ಎರಡೇ ದಿನಕ್ಕೆ ನೋವು?

ಅಮ್ಮ ಬಹುಶಃ ಹತ್ತು ವರ್ಷದ ಹುಡುಗಿಯಾಗಿದ್ದಾಗ ಸಣ್ಣ ಬಿಂದಿಗೆಯಿಂದ ಶುರು ಮಾಡಿದ್ದರು. ಮೂಳೆ, ಸ್ನಾಯು, ಕೀಲುಗಳು ವರ್ಷಗಳ ಮೇಲೆ ಹೊಂದಿಕೊಂಡವು. ನೀವು ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದ ಮೇಲೆ ಒಂದೇ ದಿನಕ್ಕೆ ತುಂಬಿದ ಕೊಡ ಎತ್ತಿದಿರಿ. ನಿಮ್ಮ ಮೈಗೆ ಯಾರೂ ಸಮಯ ಕೊಡಲಿಲ್ಲ.

ಇನ್ನೊಂದು ಮಾತು. "ಏನೂ ಆಗಿಲ್ಲ" ಅನ್ನುವುದನ್ನು ಒಮ್ಮೆ ಅಮ್ಮನನ್ನೇ ಕೂರಿಸಿ ಕೇಳಿ. ಕತ್ತು ತಿರುಗಿಸಿದರೆ ಹಿಡಿದುಕೊಳ್ಳುತ್ತದೆಯಾ, ಕೈ ಜೋಮು ಹಿಡಿಯುತ್ತದೆಯಾ, ನೆಲದಿಂದ ಏಳುವಾಗ ಮಂಡಿ ಹಿಡಿದು ಏಳುತ್ತಾರಾ ನೋಡಿ. ಆ ತಲೆಮಾರಿನವರು ಇದನ್ನೆಲ್ಲ ನೋವು ಎಂದು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ.

ಸೊಪ್ಪಿನ ಹೊರೆ ಹೊತ್ತು ಗುಡ್ಡ ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಮಂಡಿ ನೋವು. ಯಾಕೆ?

ಹತ್ತುವಾಗ ಏದುಸಿರು ಜಾಸ್ತಿ, ಇಳಿಯುವಾಗ ಮಂಡಿಗೆ ಕೆಲಸ ಜಾಸ್ತಿ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಯೂ ಒಂದು ಬ್ರೇಕು. ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಬಿಗಿ ಹಿಡಿಯಬೇಕು. ಆಗ ಮಂಡಿಚಿಪ್ಪು ಹಿಂದಿನ ಮೂಳೆಗೆ ಜೋರಾಗಿ ಒತ್ತುತ್ತದೆ. ಹೊರೆ ಸೇರಿದರೆ ಒತ್ತಡ ಇನ್ನೂ ಏರುತ್ತದೆ. ಮಲೆನಾಡಿನಲ್ಲಿ ಮಳೆಗಾಲದ ಜಾರು ದಾರಿಯೂ ಸೇರಿಕೊಂಡರೆ ಮಂಡಿಯನ್ನು ಸದಾ ಬಿಗಿಯಾಗಿಯೇ ಹಿಡಿದಿರುತ್ತೇವೆ.

ನೇರ ಇಳಿಯದೆ ಓರೆಯಾಗಿ, ಹಾವಿನಂತೆ ತಿರುಗಿ ಇಳಿಯಿರಿ. ಹೆಜ್ಜೆ ತೀರಾ ಗಿಡ್ಡ ಇರಲಿ. ಕೈಗೊಂದು ದೊಣ್ಣೆ ಇರಲಿ. ಇಳಿಜಾರಿನಲ್ಲಿ ತರುವ ಹೊರೆ ಹತ್ತಿಸುವ ಹೊರೆಗಿಂತ ಸಣ್ಣದಿರಲಿ. ಊರಿನಲ್ಲಿ ಸಾಮಾನ್ಯವಾಗಿ ಇದು ಉಲ್ಟಾ ಆಗಿರುತ್ತದೆ.

ಗಾರೆ ಕೆಲಸದಲ್ಲಿ ಇಷ್ಟೇ ಹೊರಬೇಕು ಅಂತ ಕಾನೂನು ಇದೆಯಾ?

ಕಟ್ಟಡ ಕಾರ್ಮಿಕರಿಗಾಗಿ ಬಂದ 1998ರ ಕೇಂದ್ರ ನಿಯಮಗಳಲ್ಲಿ ಒಬ್ಬರೇ ಕೈಯಲ್ಲಿ, ತಲೆಯಲ್ಲಿ, ಬೆನ್ನಲ್ಲಿ ಅಥವಾ ಹೆಗಲಲ್ಲಿ ಹೊರುವ ಭಾರಕ್ಕೆ ಮಿತಿ ಹಾಕಿದ್ದರು. ಗಂಡಸಿಗೆ 55 ಕೆಜಿ, ಹೆಂಗಸಿಗೆ 30 ಕೆಜಿ. ಇದು ಗರಿಷ್ಠ ಮಿತಿ. ದಿನವಿಡೀ ಹೊರಬಹುದಾದ ಆರಾಮದ ತೂಕ ಎಂದುಕೊಳ್ಳಬೇಡಿ. ಒಂದು ಇಟ್ಟಿಗೆ ಸುಮಾರು 3 ಕೆಜಿ ಎಂದರೆ ಹತ್ತು ಇಟ್ಟಿಗೆಗೇ ಮಿತಿ ಮುಟ್ಟುತ್ತದೆ. ಹಲಗೆ ಸಾರುವೆಯ ಮೇಲೆ ಅಷ್ಟು ಹೊತ್ತು ಹತ್ತುವವರನ್ನು ದಿನಾ ನೋಡುತ್ತೇವೆ, ಅಲ್ವಾ? 50 ಕೆಜಿಯ ಸಿಮೆಂಟ್ ಮೂಟೆಯನ್ನಂತೂ ಹೆಂಗಸು ಒಬ್ಬಳೇ ಹೊರಲೇಬಾರದು.

## ಮುಟ್ಟು, ಬಸಿರು, ಬಾಣಂತನ

ಮುಟ್ಟಾದಾಗ ಭಾರ ಹೊರಬಾರದಾ?

ಹೊತ್ತರೆ ಹಾನಿ ಎನ್ನಲು ಆಧಾರವಿಲ್ಲ. ಹೊಟ್ಟೆನೋವು, ಸುಸ್ತು ಇದ್ದರೆ ಕಡಿಮೆ ಮಾಡಿ. ಪ್ರತಿ ತಿಂಗಳೂ ರಕ್ತಸ್ರಾವ ಜಾಸ್ತಿಯಿದ್ದು ತಲೆ ಸುತ್ತುತ್ತಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 47.8% ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆ ಇದ್ದರೆ ಅದೇ ಹೊರೆಗೆ ಎದೆ ಹೆಚ್ಚು ಬಡಿದುಕೊಳ್ಳುತ್ತದೆ, ಕಾಲು ಬೇಗ ಸೋಲುತ್ತದೆ. ಸೋತ ಕಾಲು ಹೆಜ್ಜೆ ತಪ್ಪುತ್ತದೆ.

ಬಸುರಿಯಾಗಿದ್ದಾಗ ನೀರು ತರಲೇಬೇಕು, ಬೇರೆ ದಾರಿ ಇಲ್ಲ. ಹೇಗೆ?

ಹೊಟ್ಟೆ ಬೆಳೆದಂತೆ ಮೈಯ ಭಾರ ಮುಂದಕ್ಕೆ ಸರಿಯುತ್ತದೆ, ಬೆನ್ನು ಹಿಂದಕ್ಕೆ ಬಾಗುತ್ತದೆ, ಕಾಲು ಅಗಲವಾಗುತ್ತದೆ. ಕೀಲುಗಳ ಕಟ್ಟುಗಳೂ ಸಡಿಲವಾಗಿರುತ್ತವೆ. ಕೊನೆಯ ತಿಂಗಳುಗಳಲ್ಲಿ ತನ್ನ ಪಾದ ತನಗೇ ಕಾಣುವುದಿಲ್ಲ. ಇಂಥ ಹೊತ್ತಿನಲ್ಲಿ ತಲೆಯ ಮೇಲೆ ಕೊಡ ಇಟ್ಟರೆ ಬೀಳುವ ಅಪಾಯವೇ ದೊಡ್ಡದು.

ಅರ್ಧ ಕೊಡವೇ ಸಾಕು. ನೆಲದಿಂದ ಎತ್ತಿಕೊಡುವುದು ಬೇರೆಯವರ ಕೆಲಸವಾಗಲಿ. ತಲೆ, ಸೊಂಟ ಎರಡೂ ಬಿಟ್ಟು ಎರಡು ಕೈಯಲ್ಲಿ ಸಣ್ಣ ಪಾತ್ರೆ ಹಿಡಿಯಿರಿ. ಕೊನೆಯ ಮೂರು ತಿಂಗಳು ಮನೆಯ ಬೇರೆಯವರು ತರಲಿ. ಅತ್ತೆ, ಗಂಡ, ಮೈದುನ ಇದನ್ನು ಓದುತ್ತಿದ್ದರೆ ಈ ಸಾಲು ನಿಮಗೆ.

ಭಾರ ಎತ್ತಿದಾಗ, ಓಡಿದಾಗ ಮೂತ್ರ ಸೋರುತ್ತೆ. ಹೇಳೋಕೆ ನಾಚಿಕೆ. ಇದು ಮಾಮೂಲಾ?

ತುಂಬ ಜನರಿಗೆ ಇದೆ, ಆದರೆ ಸುಮ್ನೆ ಸಹಿಸಿಕೊಳ್ಳಬೇಕಾದ್ದಲ್ಲ. ಹೆರಿಗೆಯಾದವರಿಗಷ್ಟೇ ಅಲ್ಲ, ಮದುವೆಯಾಗದ ಓಟಗಾರ್ತಿಯರಿಗೂ ಬರುತ್ತದೆ.

ಸೊಂಟದ ಗೂಡಿನ ತಳದಲ್ಲಿ ಮೂತ್ರಚೀಲ, ಗರ್ಭಕೋಶ, ಕರುಳಿನ ಕೊನೆ ಇವನ್ನೆಲ್ಲ ಹಿಡಿದಿಡುವ ಸ್ನಾಯುಗಳ ಒಂದು ಪದರ ಇದೆ. ಭಾರ ಎತ್ತಿದಾಗ, ಉಸಿರು ಕಟ್ಟಿ ಮುಕ್ಕರಿದಾಗ ಹೊಟ್ಟೆಯ ಒಳಗಿನ ಒತ್ತಡ ಏರಿ ಆ ಪದರವನ್ನು ಕೆಳಕ್ಕೆ ತಳ್ಳುತ್ತದೆ. ಓಟದಲ್ಲಿ ಪ್ರತಿ ಹೆಜ್ಜೆಗೂ ಹೀಗಾಗುತ್ತದೆ. ಪದರ ದುರ್ಬಲವಾಗಿದ್ದರೆ ಮೊದಲು ಸೋರಿಕೆ. ಹೆರಿಗೆಯಾದ ಕೂಡಲೇ ಭಾರದ ಕೆಲಸಕ್ಕೆ ಇಳಿದರೆ ಮುಂದೆ ಗರ್ಭಕೋಶ ಜಾರುವ ತನಕ ಹೋಗಬಹುದು. ನೇಪಾಳದ ಗುಡ್ಡಗಾಡಿನ ಹೆಂಗಸರಲ್ಲಿ ಈ ತೊಂದರೆ ಹೆಚ್ಚಿರುವುದಕ್ಕೆ ಬಾಣಂತನ ಮುಗಿಯುವ ಮೊದಲೇ ಹೊರೆ ಹೊರುವುದೂ ಒಂದು ಕಾರಣ.

ಎತ್ತುವಾಗ ಉಸಿರು ಕಟ್ಟಬೇಡಿ, ಬಿಡುತ್ತಾ ಎತ್ತಿ. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನು ಎತ್ತುವ ಕ್ಷಣಕ್ಕೆ ಮೊದಲೇ ಒಳಕ್ಕೆಳೆದು ಹಿಡಿಯಿರಿ. ಇದನ್ನೇ ಕೆಗೆಲ್ ವ್ಯಾಯಾಮ ಎಂದು ದಿನಾ ಮಾಡಿಸುತ್ತಾರೆ. ಸರಿಯಾಗಿ ಮಾಡಿದರೆ ಕೆಲವು ತಿಂಗಳಲ್ಲಿ ಬಹಳ ಜನರಿಗೆ ಗುಣ ಕಾಣುತ್ತದೆ. ಹೆರಿಗೆಯಾದ ಮೇಲೆ ಕನಿಷ್ಠ ಆರು ವಾರ ಭಾರ ಎತ್ತಬೇಡಿ. ಓಟಕ್ಕೆ ಮೂರು ತಿಂಗಳಾದರೂ ಕಾಯಿರಿ. ಸಿಸೇರಿಯನ್ ಆದವರು ವೈದ್ಯರನ್ನು ಕೇಳಿಯೇ ಶುರು ಮಾಡಿ. ಕೆಳಗೆ ಏನೋ ಜಾರಿದಂತೆ, ಗಂಟು ಬಂದಂತೆ ಅನ್ನಿಸಿದರೆ ತಡ ಮಾಡದೆ ತೋರಿಸಿ.

## ಓಟ, ಮಾರ್ಚ್, ಭರ್ತಿ

ತೂಕ ಹೊತ್ತು ನಡೆಯೋದಕ್ಕೂ ಓಡೋದಕ್ಕೂ ಅಷ್ಟೊಂದು ವ್ಯತ್ಯಾಸ ಇದೆಯಾ?

ಇದೆ. ನಡೆಯುವಾಗ ಒಂದು ಪಾದವಾದರೂ ನೆಲದ ಮೇಲೆ ಇದ್ದೇ ಇರುತ್ತದೆ. ಪಾದದ ಮೇಲೆ ಬೀಳುವ ಬಲ ಮೈತೂಕಕ್ಕಿಂತ ಸ್ವಲ್ಪವೇ ಜಾಸ್ತಿ. ಓಡುವಾಗ ಮೈ ಗಾಳಿಯಲ್ಲಿದ್ದು ಒಂದೇ ಕಾಲಿನ ಮೇಲೆ ಬಂದು ಬೀಳುತ್ತದೆ. ಬಲ ಮೈತೂಕದ ಎರಡರಿಂದ ಮೂರು ಪಟ್ಟು. ಬೆನ್ನಿಗೆ 10 ಕೆಜಿ ಕಟ್ಟಿಕೊಂಡರೆ ಆ ಹತ್ತೂ ಇದೇ ರೀತಿ ಗುಣಿಸಿಕೊಂಡು ಕಾಲಿಗೆ ಬರುತ್ತದೆ.

ಹಾಗಾಗಿ ಭಾರ ಹೊತ್ತ ಓಟ ಓಟದಂತೆ ಕಾಣುವುದಿಲ್ಲ. ಮೈ ಮೇಲಕ್ಕೆ ಹಾರುವುದು ಕಡಿಮೆಯಾಗುತ್ತದೆ, ಪಾದ ನೆಲದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ, ಕಾಲು ಎಳೆದುಕೊಂಡು ಹೋದಂತೆ ಕಾಣುತ್ತದೆ. ಸುಸ್ತಾದಾಗ ಮಂಡಿ ಒಳಕ್ಕೆ ಬಾಗುವುದನ್ನೂ ನೋಡಬಹುದು. ನಿಲ್ಲಿಸಬೇಕಾದ ಹೊತ್ತು ಅದೇ.

ಭರ್ತಿಗೆ ತಯಾರಿ ಅಂತ ಬ್ಯಾಗಲ್ಲಿ ಮರಳು ತುಂಬಿ ದಿನಾ ಓಡ್ತಿದೀನಿ. ಸರಿನಾ?

ನಿಲ್ಲಿಸಿ. ಭರ್ತಿಯ ಓಟ ಹೊರೆಯಿಲ್ಲದ ಓಟ. ಅದಕ್ಕೆ ಹೊರೆಯಿಲ್ಲದೆಯೇ ಓಡಿ. ಭಾರ ಹೊರುವುದನ್ನು ಬೇರೆ ದಿನ, ನಡಿಗೆಯಾಗಿ ಅಭ್ಯಾಸ ಮಾಡಿ. ಮೈತೂಕದ 10%ನಿಂದ ಶುರು ಮಾಡಿ, ವಾರಕ್ಕೆ ಒಂದೋ ಎರಡೋ ದಿನ ಸಾಕು. ದೂರ, ವೇಗ, ತೂಕ ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನೇ ಏರಿಸಿ. ಮರಳಿನ ಚೀಲ ಬ್ಯಾಗಿನ ತಳಕ್ಕೆ ಜಾರಿ ಪ್ರತಿ ಹೆಜ್ಜೆಗೂ ಸೊಂಟಕ್ಕೆ ಬಡಿಯುತ್ತಿರುತ್ತದೆ. ಅದನ್ನು ಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಹತ್ತಿರ, ಸ್ವಲ್ಪ ಮೇಲಕ್ಕೆ ನಿಲ್ಲುವಂತೆ ಕಟ್ಟಿ.

ಅವಸರ ಯಾಕೆ ಬೇಡ ಅಂದರೆ ಮೂಳೆಗೆ ತನ್ನದೇ ವೇಳೆ ಬೇಕು. ಹೊಸ ಭಾರ ಬಿದ್ದಾಗ ಮೂಳೆ ಮೊದಲು ಹಳೆಯ ಭಾಗವನ್ನು ಕರಗಿಸುತ್ತದೆ. ಅದು ಕೆಲವೇ ವಾರದ ಕೆಲಸ. ಹೊಸ ಮೂಳೆ ಕಟ್ಟಲು ಮೂರು ತಿಂಗಳೋ ಇನ್ನೂ ಜಾಸ್ತಿಯೋ ಬೇಕು. ನಡುವೆ ಮೂಳೆ ಮೊದಲಿಗಿಂತಲೂ ದುರ್ಬಲ. ಸ್ನಾಯು, ಉಸಿರು ಅಷ್ಟರಲ್ಲಿ ಬಲವಾಗಿರುತ್ತವೆ. ಅದಕ್ಕೇ ತಿಂಗಳ ಕೊನೆಗೆ ಇನ್ನೂ ಓಡಬಲ್ಲೆ ಅನ್ನಿಸುತ್ತದೆ, ಮೂಳೆ ಬಿರುಕು ಬಿಡುವುದೂ ಆಗಲೇ.

ಭಯ ಪಡಬೇಕಿಲ್ಲ. 1990ರ ದಶಕದಲ್ಲಿ ಅಮೆರಿಕದ ಸೇನಾ ಸಂಶೋಧಕರು ಸೇನೆಗೆ ಸೇರದ ಸಾಮಾನ್ಯ ಹೆಂಗಸರಿಗೆ 24 ವಾರ ತರಬೇತಿ ಕೊಟ್ಟರು. ತೂಕ ಎತ್ತುವ ವ್ಯಾಯಾಮ, ಓಟ, ಬ್ಯಾಗು ಹೊತ್ತ ನಡಿಗೆ ಎಲ್ಲವೂ ಇತ್ತು. ಕೊನೆಗೆ 34 ಕೆಜಿ ಹೊತ್ತು 3.2 ಕಿಲೋಮೀಟರ್ ಹೋಗುವ ವೇಗ ಸ್ಪಷ್ಟವಾಗಿ ಏರಿತ್ತು. ತಿಂಗಳುಗಳು ಹಿಡಿಯುತ್ತವೆ, ಅಷ್ಟೆ.

ಹುಡುಗರ ಜೊತೆ ಸಾಲಲ್ಲಿ ಮಾರ್ಚ್ ಮಾಡಿದ್ಮೇಲೆ ತೊಡೆಸಂದಿನಲ್ಲಿ ನೋವು. ಸ್ನಾಯು ಎಳೆದಿರಬಹುದಾ?

ಇರಬಹುದು. ಆದರೆ ಮೂಳೆ ಬಿರುಕು ಅಲ್ಲ ಎಂದು ಖಾತ್ರಿಯಾಗುವ ತನಕ ಮಾರ್ಚ್ ಮಾಡಬೇಡಿ.

ಸಾಲಿನಲ್ಲಿ ಎಲ್ಲರ ಹೆಜ್ಜೆ ಒಂದೇ ಅಳತೆ, ಒಂದೇ ತಾಳ. ಆ ಅಳತೆ ಎತ್ತರದ ಗಂಡಸಿನದು. ಗಿಡ್ಡ ಕಾಲಿನ ಹುಡುಗಿ ಅದಕ್ಕೆ ಸರಿಹೊಂದಲು ಪ್ರತಿ ಸಲವೂ ಕಾಲನ್ನು ಅತಿಯಾಗಿ ಮುಂದಕ್ಕೆ ಚಾಚಬೇಕು. ಚಾಚಿದಾಗಲೆಲ್ಲ ತೊಡೆಯ ಒಳಗಿನ ಸ್ನಾಯುಗಳು ಸೊಂಟದ ಗೂಡಿನ ಕೆಳಗಿನ ತೆಳು ಮೂಳೆಯನ್ನು ಎಳೆಯುತ್ತವೆ. ಬೆನ್ನಿಗೆ ಭಾರ ಬೇರೆ. ಸಾವಿರಾರು ಸಲ ಎಳೆದಾಗ ಆ ಮೂಳೆ ಬಿರುಕು ಬಿಡುತ್ತದೆ.

ಆಸ್ಟ್ರೇಲಿಯಾದ ಸೇನೆಯಲ್ಲಿ ಒಂದು ಹೊತ್ತಿನಲ್ಲಿ ತರಬೇತಿಗೆ ಬಂದ ಹೆಂಗಸರಲ್ಲಿ 11.2% ಮಂದಿಗೆ ಸೊಂಟದ ಗೂಡಿನ ಮೂಳೆ ಬಿರುಕು ಬಿಟ್ಟಿತ್ತು. ನೂರಕ್ಕೆ ಹನ್ನೊಂದು ಜನ. ಆಮೇಲೆ ಕೆಲವು ಬದಲಾವಣೆ ಮಾಡಿದರು. ದೂರದ ಮಾರ್ಚ್‌ನ ವೇಗವನ್ನು ಗಂಟೆಗೆ 7.5 ಕಿಲೋಮೀಟರ್‌ನಿಂದ 5ಕ್ಕೆ ಇಳಿಸಿದರು. ಒಬ್ಬೊಬ್ಬರೂ ತಮಗೆ ಹಿತವಾದ ಹೆಜ್ಜೆ ಹಾಕಲಿ ಎಂದರು. ಸಾಲಿನ ನಡುವೆ ಜಾಗ ಬಿಟ್ಟರು. ಓಟವನ್ನು ಹುಲ್ಲಿನ ಮೇಲೆ ಮಾಡಿಸಿದರು. 1999ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಆ 11.2% ಕೇವಲ 0.6%ಗೆ ಇಳಿಯಿತು. ಹೆಂಗಸರ ಮೂಳೆ ಬದಲಾಗಲಿಲ್ಲ, ಅವರ ಮೇಲೆ ಹೇರಿದ್ದ ಹೆಜ್ಜೆ ಬದಲಾಯಿತು. ಈ ವಿಷಯದಲ್ಲಿ ನಾನು ಓದಿದ್ದರಲ್ಲಿ ಇಷ್ಟು ಸ್ಪಷ್ಟವಾದ ಪಾಠ ಇನ್ನೊಂದಿಲ್ಲ.

ನಮ್ಮಲ್ಲೂ ಈ ಪ್ರಶ್ನೆ ಈಗ ದೂರದ್ದಲ್ಲ. ಸೇನಾ ಪೊಲೀಸ್ ವಿಭಾಗದ ಮೊದಲ ತಂಡದ 83 ಹೆಣ್ಣು ಸೈನಿಕರು ತರಬೇತಿ ಮುಗಿಸಿದ್ದು ಬೆಂಗಳೂರಿನಲ್ಲೇ, 2021ರ ಮೇ ತಿಂಗಳಲ್ಲಿ. ಹಳ್ಳಿ ಹಳ್ಳಿಯ ಮೈದಾನಗಳಲ್ಲಿ ಹುಡುಗ ಹುಡುಗಿಯರನ್ನು ಒಟ್ಟಿಗೆ ಓಡಿಸುವ ಕೋಚ್‌ಗಳಿಗೆ ನನ್ನ ವಿನಂತಿ ಇಷ್ಟೇ: ಸಾಲಿನ ಮುಂದೆ ಗಿಡ್ಡ ಇರುವವರನ್ನು ನಿಲ್ಲಿಸಿ, ವೇಗ ಅವರದೇ ಇರಲಿ.

ಬಿರ ಬಿರ ನಡೆಯೋದಾ, ಓಡೋಕೆ ಶುರು ಮಾಡೋದಾ? ಯಾವಾಗ ಬದಲಾಯಿಸಬೇಕು?

ಪ್ರತಿಯೊಬ್ಬರಿಗೂ ಒಂದು ವೇಗ ಇದೆ, ಅದನ್ನು ದಾಟಿದರೆ ನಡೆಯುವುದಕ್ಕಿಂತ ಓಡುವುದೇ ಹಗುರ. ಅದು ಕಾಲಿನ ಉದ್ದದ ಮೇಲೆ ನಿಂತಿದೆ. ಕಾಲು 90 ಸೆಂಟಿಮೀಟರ್ ಇದ್ದರೆ ಲೆಕ್ಕದ ಪ್ರಕಾರ ಗಂಟೆಗೆ ಸುಮಾರು 7.5 ಕಿಲೋಮೀಟರ್, 80 ಸೆಂಟಿಮೀಟರ್ ಇದ್ದರೆ ಸುಮಾರು 7. ಈ ಅರ್ಧ ಕಿಲೋಮೀಟರ್ ಅಂತರ ಸಣ್ಣದಲ್ಲ. ಎತ್ತರದವನು ಇನ್ನೂ ಆರಾಮವಾಗಿ ನಡೆಯುತ್ತಿರುವಾಗ ಪಕ್ಕದ ಹುಡುಗಿ ಓಡಬೇಕಾದ ವೇಗದಲ್ಲಿ ನಡೆಯುತ್ತಿರುತ್ತಾಳೆ. ಅಲ್ಲಿಗೆ ಮುಟ್ಟಿದರೆ ಹೆಜ್ಜೆ ಚಾಚಬೇಡಿ, ಸಣ್ಣ ಹೆಜ್ಜೆಯ ನಿಧಾನ ಓಟಕ್ಕೆ ಬದಲಾಯಿಸಿ. ಭಾರ ಜಾಸ್ತಿ ಇದ್ದರೆ ಓಡುವುದೂ ಬೇಡ, ವೇಗವನ್ನೇ ಇಳಿಸಿ.

ಮೂಳೆ ಬಿರುಕು ಅಂತ ಹೇಗೆ ಗೊತ್ತಾಗುತ್ತೆ? ಎಕ್ಸ್‌ರೇಲಿ ಏನೂ ಕಾಣಲಿಲ್ಲ.

ಮೊದಲ ಕೆಲವು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರುವುದು ಸಾಮಾನ್ಯ. ಎಂಆರ್‌ಐಯಲ್ಲಿ ಬೇಗ ಕಾಣುತ್ತದೆ. ಸ್ನಾಯು ನೋವು ಹರಡಿಕೊಂಡಿರುತ್ತದೆ, ಮೈ ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ. ಬಿರುಕಿನ ನೋವು ಸಾಮಾನ್ಯವಾಗಿ ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸುವಂತೆ ಇರುತ್ತದೆ. ಓಡಿದಷ್ಟೂ ಏರುತ್ತದೆ. ಕೊನೆಗೆ ರಾತ್ರಿ ಮಲಗಿದಾಗಲೂ ಬರುತ್ತದೆ. ತೊಡೆಸಂದಿನಲ್ಲಿ ಹೀಗಿದ್ದರೆ ಆ ಕಾಲಿನ ಮೇಲೆ ಭಾರ ಹಾಕದೆ ಅದೇ ದಿನ ವೈದ್ಯರ ಹತ್ತಿರ ಹೋಗಿ. ತೊಡೆಮೂಳೆಯ ಕುತ್ತಿಗೆಯಲ್ಲಿ, ಅಂದರೆ ಅದು ಸೊಂಟದ ಕೀಲಿಗೆ ಸೇರುವ ಕಿರಿದಾದ ಭಾಗದಲ್ಲಿ, ಬಿರುಕಿದ್ದರೆ ಅದು ಪೂರ್ತಿ ಮುರಿಯಬಹುದು.

ಸೇನಾ ತರಬೇತಿಗಳಲ್ಲಿ ಹೆಂಗಸರಿಗೆ ಇಂಥ ಬಿರುಕು ಗಂಡಸರಿಗಿಂತ ಎರಡು ಪಟ್ಟೋ ಅದಕ್ಕಿಂತ ಜಾಸ್ತಿಯೋ ಕಂಡುಬಂದಿದೆ. ಹೆಜ್ಜೆ ಒಂದು ಕಾರಣವಾದರೆ ಊಟ ಇನ್ನೊಂದು. ತೂಕ ಇಳಿಸಬೇಕೆಂದು ರಾತ್ರಿ ಊಟ ಬಿಟ್ಟು ಬೆಳಿಗ್ಗೆ ಓಡುವ ಹುಡುಗಿಯರು ಬಹಳ. ತಿಂದದ್ದು ಸಾಲದಿದ್ದರೆ ದೇಹ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ, ಅದರ ಜೊತೆ ಮೂಳೆ ಕಾಯುವ ಹಾರ್ಮೋನೂ ಇಳಿಯುತ್ತದೆ. ಮೂರು ತಿಂಗಳು ಮುಟ್ಟಾಗದಿದ್ದರೆ ತರಬೇತಿ ಚೆನ್ನಾಗಿ ಆಗುತ್ತಿದೆ ಎಂದುಕೊಳ್ಳಬೇಡಿ, ವೈದ್ಯರಿಗೆ ತೋರಿಸಿ. ರಾಗಿ, ಹಾಲು ಮೊಸರು, ಕಾಳು, ಮೊಟ್ಟೆ ಹೊಟ್ಟೆ ತುಂಬ ತಿನ್ನಿ.

ಟ್ರೆಕ್ಕಿಂಗ್ ಬ್ಯಾಗು ಹಾಕಿದ್ರೆ ಭುಜ ಕಡಿಯುತ್ತೆ, ಕೈ ಜೋಮು ಹಿಡಿಯುತ್ತೆ. ಏನು ಮಾಡ್ಲಿ?

ಬ್ಯಾಗು ನಿಮ್ಮ ಬೆನ್ನಿಗಿಂತ ಉದ್ದವಾಗಿದೆ ಅನ್ನಿಸುತ್ತದೆ, ಬಹುಶಃ ಅಣ್ಣನದೋ ಗೆಳೆಯನದೋ. ಸೊಂಟದ ಬೆಲ್ಟು ಸೊಂಟದ ಮೂಳೆಯ ಮೇಲೆ ಕೂರದೆ ಹೊಟ್ಟೆಗೋ ತೊಡೆಗೋ ಬಂದರೆ ಪೂರಾ ಭಾರ ಭುಜಕ್ಕೆ ಬೀಳುತ್ತದೆ. ಪಟ್ಟಿ ಕತ್ತಿನ ಬುಡದ ನರಗಳನ್ನು ಒತ್ತಿದರೆ ಕೈ ಜೋಮು. ಬೆಲ್ಟು ಸರಿಯಾಗಿ ಕೂತರೆ ಭಾರದ ಸುಮಾರು ಮೂರರಲ್ಲಿ ಒಂದು ಪಾಲು ನೇರ ಸೊಂಟಕ್ಕೆ ಇಳಿಯುತ್ತದೆ. ಮೊದಲು ಬೆಲ್ಟು ಬಿಗಿ ಮಾಡಿ, ಆಮೇಲೆ ಭುಜದ ಪಟ್ಟಿ ಎಳೆಯಿರಿ. ಬ್ಯಾಗು ಇಳಿಸಿದ ಮೇಲೂ ಜೋಮು ಹೋಗದಿದ್ದರೆ ತೋರಿಸಿ.

ಐವತ್ತು ದಾಟಿದೆ. ಭಾರ ಹೊತ್ತು ನಡೆದ್ರೆ ಮೂಳೆ ಗಟ್ಟಿಯಾಗುತ್ತೆ ಅಂತಾರೆ. ಶುರು ಮಾಡ್ಲಾ?

ಮಾಡಿ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ, ಮೂಳೆಗೆ ಕೆಲಸ ಕೊಟ್ಟರೆ ಅದು ಉಳಿಯುತ್ತದೆ. ಆದರೆ ಬ್ಯಾಗು ಹೊತ್ತು ನಡೆದಷ್ಟಕ್ಕೇ ಸಾಲದು. ಕುರ್ಚಿಯಿಂದ ಕೈ ಊರದೆ ಏಳುವುದು, ಮೆಟ್ಟಿಲು, ತೂಕ ಎತ್ತುವ ವ್ಯಾಯಾಮ ಜೊತೆಗಿರಲಿ. ಮೊದಲು ಎರಡು ಮೂರು ಕೆಜಿ. ಮೂಳೆ ಸವೆತ ಇದೆ ಎಂದು ವೈದ್ಯರು ಹೇಳಿದ್ದರೆ ಅವರನ್ನು ಕೇಳದೆ ಬೆನ್ನಿಗೆ ಭಾರ ಹಾಕಬೇಡಿ.

ನನ್ನ ನಡಿಗೆ ಸರಿಯಿದೆಯಾ ಅಂತ ಮನೇಲೇ ನೋಡ್ಕೋಬಹುದಾ?

ಒಂದು ಮೊಬೈಲು, ಒಬ್ಬ ಗೆಳತಿ ಸಾಕು. ಸ್ಲೋ ಮೋಷನ್‌ನಲ್ಲಿ ಪಕ್ಕದಿಂದ ಒಮ್ಮೆ, ಹಿಂದಿನಿಂದ ಒಮ್ಮೆ ವಿಡಿಯೋ ಮಾಡಿಸಿ. ಮೊದಲು ಬರಿಗೈಯಲ್ಲಿ, ಆಮೇಲೆ ಹೊರೆ ಹೊತ್ತು, ಕೊನೆಗೆ ಸುಸ್ತಾದ ಮೇಲೆ. ಪಕ್ಕದಿಂದ ನೋಡುವಾಗ ಹಿಮ್ಮಡಿ ಎಲ್ಲಿ ಊರುತ್ತದೆ ಗಮನಿಸಿ. ಮಂಡಿಗಿಂತ ಬಹಳ ಮುಂದೆ ಊರಿದರೆ ಹೆಜ್ಜೆ ಚಾಚುತ್ತಿದ್ದೀರಿ. ಹಿಂದಿನಿಂದ ನೋಡುವಾಗ ಸೊಂಟ ಒಂದು ಪಕ್ಕಕ್ಕೆ ಕುಸಿಯುತ್ತದೆಯಾ, ಮಂಡಿ ಒಳಕ್ಕೆ ಬರುತ್ತದೆಯಾ ನೋಡಿ. ಸದ್ದನ್ನೂ ಕೇಳಿ. ಎರಡು ಪಾದದ ಸದ್ದು ಒಂದೇ ಥರ ಇರಬೇಕು.

ಓಡುವಾಗ ಹೆಜ್ಜೆ ಚಾಚುತ್ತಿದ್ದರೆ ವೇಗ ಅಷ್ಟೇ ಇಟ್ಟುಕೊಂಡು ನಿಮಿಷಕ್ಕೆ ಹಾಕುವ ಹೆಜ್ಜೆಗಳನ್ನು ಎಣಿಸಿ, ಅದನ್ನು 5ರಿಂದ 10% ಏರಿಸಿ. 160 ಇದ್ದರೆ 168ರಿಂದ 176. ಮಂಡಿ, ಸೊಂಟದ ಮೇಲಿನ ಹೊಡೆತ ಇಳಿಯುತ್ತದೆ. ಎರಡು ವಾರ ಬಿಟ್ಟು ಅದೇ ಜಾಗದಲ್ಲಿ, ಅದೇ ಹೊರೆಯಲ್ಲಿ ಮತ್ತೆ ವಿಡಿಯೋ ಮಾಡಿಸಿ ಹೋಲಿಸಿ ನೋಡಿ.